ಸೊನ್ನೆ ಮಾಡುವವಳು

ಅಪ್ಪನ ಮುಖ ನೋಡುವ ಮೊದಲು ಅಪ್ಪನ ಎದೆಬಡಿತ ನೋಡುವುದು ಯಾವಾಗ ರೂಢಿಯಾಯಿತೋ ಅವಳಿಗೇ ನೆನಪಿರಲಿಲ್ಲ. ಕಣ್ಣು ಬಿಟ್ಟೊಡನೆ ಕೈ ದಿಂಬಿನ ಪಕ್ಕದ ಫೋನಿಗೆ ಹೋಗುತ್ತಿತ್ತು. ಐವತ್ತೆಂಟು. ನಿದ್ದೆಯಲ್ಲಿರುವವರ ಎದೆ ಹಾಗೆ ಹೊಡೆದುಕೊಳ್ಳುತ್ತದೆ, ನಿಧಾನವಾಗಿ, ಎಲ್ಲಿಗೂ ಹೋಗಬೇಕಾಗಿಲ್ಲದವರ ಹಾಗೆ. ಆದರೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಾಗುತ್ತಿತ್ತು. ಅಪ್ಪ ಆಗಲೇ ಎದ್ದು ಹಾಲು ಕಾಯಿಸಿ, ಏನೋ ಗುನುಗುತ್ತ ಲೋಟ ತೊಳೆಯುತ್ತಿದ್ದ. ಲೋಟ ತೊಳೆಯುವಾಗಲೂ ಐವತ್ತೆಂಟು! ಹೊಸ ಮಾತ್ರೆ ಹಿಡಿಸಿದೆ ಅಂದುಕೊಂಡಳು. ಎರಡು ದಿನದಿಂದ ಆ ಅಂಕಿಗಳು ಎಷ್ಟು ಚೊಕ್ಕವಾಗಿದ್ದವೆಂದರೆ, ಅವನ್ನು ನೋಡುವಾಗ ಅವಳಿಗೆ ಒಂದು ಬಗೆಯ ಹೆಮ್ಮೆಯೇ ಆಗುತ್ತಿತ್ತು. ಬೈದು ಬೈದು ಓದಿಸಿದ ಮಗು ಪಾಸಾದಾಗ ಆಗುವಂಥ ಹೆಮ್ಮೆ. ಅದರ ಹಿಂದೆಯೇ ಒಂದು ಕಸಿವಿಸಿ. ಓದಿಸಿದ್ದಕ್ಕಿಂತ ಬೈದದ್ದೇ ಹೆಚ್ಚಲ್ಲವೇ?

ಅಪ್ಪ ಆರು ತಿಂಗಳ ಹಿಂದೆ ಬಚ್ಚಲಲ್ಲಿ ಕುಸಿದಿದ್ದ. ಬಾಗಿಲು ಒಳಗಿನಿಂದ ಹಾಕಿತ್ತು, ನಲ್ಲಿ ಸುರಿಯುತ್ತಲೇ ಇತ್ತು, ಅವಳು ಬಾಗಿಲು ಬಡಿಯುತ್ತ 'ಅಪ್ಪಾ, ಅಪ್ಪಾ' ಎಂದು ಕೂಗಿದ್ದಕ್ಕೆ ನೀರು ಮಾತ್ರ ಉತ್ತರ ಕೊಟ್ಟಿತ್ತು. ಆಮೇಲೆ ಡಾಕ್ಟರು ಅವನ ಎದೆಯ ಎಡಗಡೆಗೆ ಒಂದು ಬಿಲ್ಲೆ ಅಂಟಿಸಿದರು. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಅದರೊಳಗಿನ ಸೆನ್ಸರ್ ಎಳ್ಳುಕಾಳಿನಷ್ಟು. ಸ್ನಾನಕ್ಕೆ ತೆಗೆದಿಟ್ಟು ಹೊಸ ಅಂಟುಪಟ್ಟಿ ಹಾಕಿ ಮತ್ತೆ ಅಂಟಿಸಿಕೊಳ್ಳಬಹುದು. ಎದೆಯ ಪ್ರತಿ ಬಡಿತವನ್ನೂ ಅದು ಇವಳ ಫೋನಿಗೆ ಕಳಿಸುತ್ತದೆ. ಅಪ್ಪ ಅದಕ್ಕೆ ಮೊದಲ ದಿನವೇ 'ಚಾಡಿಕೋರ' ಅಂತ ಹೆಸರಿಟ್ಟ. "ಅಲ್ಲಮ್ಮಾ, ನನ್ನ ಎದೆ ನನ್ನ ಹತ್ರ ಮಾತು ಬಿಟ್ಟಿದೆ. ಏನಿದ್ರೂ ನಿನ್ನ ಹತ್ರನೇ ಹೇಳುತ್ತೆ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆದರೆ ವಾರ ಕಳೆಯುವಷ್ಟರಲ್ಲಿ ನಗು ಇಬ್ಬರಿಗೂ ಮರೆತುಹೋಗಿತ್ತು. ಕಚೇರಿಯಲ್ಲಿ ಕೂತೇ ಅವಳಿಗೆ ಗೊತ್ತಾಗುತ್ತಿತ್ತು, ಅಪ್ಪ ಮೆಟ್ಟಿಲು ಹತ್ತಿದ, ಅಪ್ಪ ಯಾರ ಹತ್ತಿರವೋ ಜಗಳವಾಡಿದ, ಅಪ್ಪ ಮಧ್ಯಾಹ್ನ ಮಲಗಲಿಲ್ಲ. ತಕ್ಷಣ ಫೋನು. ಒಂದು ಸಲ ಅವನು ತನ್ನ ಫೋನು ಎತ್ತಲಿಲ್ಲವೆಂದು ಕೆಳಗಿನ ಕ್ಷೌರದಂಗಡಿಗೇ ಫೋನು ಮಾಡಿ, "ಅಪ್ಪನಿಗೆ ಕೊಡಿ" ಅಂದಿದ್ದಳು. ಅಂಗಡಿಯಲ್ಲಿ ಸೋಪು ಹಚ್ಚಿಸಿಕೊಂಡು ಕೂತಿದ್ದವರ ಎದುರು, ಫೋನಿನ ಧ್ವನಿ ಎಲ್ಲರಿಗೂ ಕೇಳುವ ಹಾಗಿದೆ ಎನ್ನುವುದೂ ತಿಳಿಯದೆ, "ಮೆಟ್ಟಿಲು ಹತ್ತಬೇಡ ಅಂದಿದ್ನೋ ಇಲ್ವೋ? ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಗದರಿದ್ದಳು. ಆ ಕಡೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪ, "ಆಯ್ತಮ್ಮ," ಅಂದ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು, ದೊಡ್ಡ ದೊಡ್ಡ ವಿದ್ವಾಂಸರ ತಪ್ಪುಗಳನ್ನು ತಲೆಕೆಳಗಾದ ಅಕ್ಷರಗಳಲ್ಲೇ ಹಿಡಿದು, "ಸ್ವಾಮಿ, ಇದು ಹೀಗಲ್ಲ" ಎಂದು ತಿದ್ದಿದವನು, 'ಆಯ್ತಮ್ಮ' ಅಂದಿದ್ದ.

"ಹುಷಾರಾಗಿದ್ದೀಯಲ್ಲ ಅಪ್ಪ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ನನ್ನನ್ನ ಯಾಕೆ ಕೇಳ್ತೀಯ? ನಿನ್ನ ಫೋನ್ ಕೇಳು." ಅಪ್ಪ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದ. ಕಣ್ಣಲ್ಲಿ ಏನೋ ತುಂಟತನ. ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡು, "ಕನ್ನಡಿ ಹತ್ರ ಹೋಗಿರ್ತೀನಿ," ಎಂದು ಹೊರಟ. ಮೆಟ್ಟಿಲಲ್ಲಿ ಅವನ ಹೆಜ್ಜೆಗಳು ಇಳಿದದ್ದು ಕೇಳಿಸಿತು. ಅವಳು ಅಭ್ಯಾಸಬಲದಿಂದ ಫೋನು ನೋಡಿದಳು. ಐವತ್ತೊಂಬತ್ತು.

ಕನ್ನಡಿ ಎಂದರೆ ಕನ್ನಡಿ ಮಾಮ. ಅದೇ ಕಟ್ಟಡದ ಕೆಳಗೆ ಅವನ ಕ್ಷೌರದಂಗಡಿ, ಅಂಗಡಿಯ ಹಿಂದೆಯೇ ಅವನ ಒಂಟಿ ಕೋಣೆ. ಗೋಡೆಗಳಿಗೆಲ್ಲ ಕನ್ನಡಿ ಹೊಡೆಸಿಕೊಂಡು, ಒಬ್ಬನೇ ಗಿರಾಕಿಯಿದ್ದರೂ ಹತ್ತು ಜನ ಇದ್ದ ಹಾಗೆ ಮಾಡಿಕೊಂಡಿದ್ದ. ಚಿಕ್ಕವಳಿದ್ದಾಗ ಅವಳ ಕೂದಲು ಕತ್ತರಿಸುತ್ತಿದ್ದವನೂ ಅವನೇ. ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಅವಳನ್ನು ಕೂರಿಸಿ, ಅವಳ ಕಿವಿಯ ಹತ್ತಿರ ಕತ್ತರಿಯನ್ನು ಬರಿದೇ ಕಟಕಟ ಆಡಿಸಿ ಹೆದರಿಸುತ್ತಿದ್ದ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಒಂದು ದಿನವೂ ತಲೆನೋವು ಅಂದವನಲ್ಲ.

ಬಸ್ಸಿನಲ್ಲಿ ನಿಂತಿದ್ದಾಗ ಅವಳು ಎರಡೆರಡು ಸಲ ಗಂಟೆ ನೋಡಿಕೊಂಡಳು. ಅಪ್ಪನ ಯೋಚನೆಯಲ್ಲ, ಇವತ್ತು ಹನ್ನೊಂದೂ ಕಾಲಿಗೆ ಶಾಲೆಯ ಹೆಡ್‌ಮೇಡಂ ಕಚೇರಿಗೆ ಬರುತ್ತಾರೆ.

ನಗರದ ಗಾಳಿ ಅಳೆಯುವ ಕಚೇರಿ ಅವಳದು. ಬೀದಿದೀಪದ ಕಂಬಗಳಿಗೆ, ಆಸ್ಪತ್ರೆ, ಶಾಲೆಗಳ ಗೋಡೆಗಳಿಗೆ ನಲವತ್ತು ಪುಟ್ಟ ಪೆಟ್ಟಿಗೆಗಳನ್ನು ಹೊಡೆದಿದ್ದರು. ಒಂದೊಂದರಲ್ಲೂ ಉಗುರಿನಷ್ಟು ಅಗಲದ ಸೆನ್ಸರುಗಳು, ಹೊಗೆಗೆ ಒಂದು, ದೂಳಿಗೆ ಒಂದು, ಗಂಧಕದ ಅನಿಲಕ್ಕೆ ಒಂದು. ಇಂಥವು ದಿನ ಕಳೆದಂತೆ ದಾರಿ ತಪ್ಪುತ್ತವೆ. ಬಿಸಿಲಿಗೆ, ತೇವಕ್ಕೆ, ಸುಮ್ಮನೆ ವಯಸ್ಸಿಗೆ, ಇಲ್ಲದ್ದನ್ನು ಇದೆ ಅನ್ನುತ್ತವೆ, ಇದ್ದದ್ದನ್ನು ಇಲ್ಲ ಅನ್ನುತ್ತವೆ. ಸಿಲಿಂಡರಿನಲ್ಲಿ ತುಂಬಿಟ್ಟ ಶುದ್ಧ ಗಾಳಿಯನ್ನು ಅವುಗಳ ಮೂಗಿಗೆ ಹಿಡಿದು, 'ನೋಡು, ಇದು ಸೊನ್ನೆ' ಎಂದು ಮತ್ತೆ ಕಲಿಸಬೇಕು. ಹದಿನಾರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಅದನ್ನೇ. ಅದಕ್ಕೇ ಕಚೇರಿಯಲ್ಲಿ ಅವಳು 'ಸೊನ್ನೆ ಮೇಡಂ'. ಮೊದಲು ಅದು ಗೌರವವಾಗಿತ್ತೋ ಗೇಲಿಯಾಗಿತ್ತೋ, ಈಗ ಬಿಡಿಸಿ ಹೇಳುವುದು ಕಷ್ಟ.

ಹದಿನೇಳನೆಯ ಪೆಟ್ಟಿಗೆ ಇದ್ದದ್ದು ಹೆಡ್‌ಮೇಡಂ ಶಾಲೆಯ ಗೋಡೆಯ ಮೇಲೆ. ಗೋಡೆಯಾಚೆ ಹಳೇ ಬ್ಯಾಟರಿಗಳನ್ನು ಒಡೆದು ಕರಗಿಸುವ ಕಾರ್ಖಾನೆ. ದಿನವೂ ಮಧ್ಯಾಹ್ನ ಮೂರರ ಹೊತ್ತಿಗೆ ಹದಿನೇಳರ ಅಂಕಿ ಚಂಗನೆ ಮೇಲೆ ಹಾರುತ್ತಿತ್ತು. ಅವಳು ವರದಿ ಬರೆದಳು. ಕಚೇರಿಯ ಸಾಹೇಬರು ಅದನ್ನು ಮೀಟಿಂಗಿನಲ್ಲಿ ಎಲ್ಲರೆದುರು ಓದಿ, ಕನ್ನಡಕ ತೆಗೆದು ಒರೆಸುತ್ತ, "ನಮ್ಮ ಸೊನ್ನೆ ಮೇಡಂಗೆ ಎಲ್ಲಿ ನೋಡಿದರೂ ಹೊಗೆ. ಅವರ ತಲೆಯಲ್ಲೇ ಎಲ್ಲೋ ಒಲೆ ಉರೀತಿರಬೇಕು," ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಆ ಹೆಚ್ಚಿನ ಒಂದು ಕ್ಷಣ ಈಗಲೂ ಎಲ್ಲಿ ಹೋದರೂ ಹಿಂದೆ ಬರುತ್ತಿತ್ತು, ಚಪ್ಪಲಿಗೆ ಅಂಟಿದ ಡಾಂಬರಿನ ಹಾಗೆ. ಸೆನ್ಸರ್ ಕೆಟ್ಟಿದೆ ಎಂದು ಬದಲಿಸಿದರು. ಹೊಸದೂ ಮೂರು ಗಂಟೆಗೆ ಅದನ್ನೇ ಹೇಳಿತು. ಆಗ ಸಾಹೇಬರು ಫೋನಿನಲ್ಲಿ, "ಹೊಸದೂ ಕೆಟ್ಟಿದೆ ಬಿಡಿ. ಸಿಲಿಂಡರ್ ಗಿಲಿಂಡರ್ ಏನೂ ಬೇಡ. ಹೇಗೂ ಅಲ್ಲೇ ಇದ್ದೀರಲ್ಲ, ಅಲ್ಲೇ ಸೊನ್ನೆ ಮಾಡಿ ಬನ್ನಿ," ಅಂದಿದ್ದರು. ಆಗ ಗಂಟೆ ಮೂರೂ ಹತ್ತು. ಏಣಿಯ ಮೇಲೆ ನಿಂತಿದ್ದ ಅವಳ ಗಂಟಲು ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಆ ಗಾಳಿಯನ್ನೇ ಸೆನ್ಸರಿನ ಮೂಗಿಗೆ ಬಿಟ್ಟು, ಗುಂಡಿಯೊತ್ತಿ, 'ಇದು ಸೊನ್ನೆ' ಎಂದು ಕಲಿಸಿ ಇಳಿದಳು. ಅಂದಿನಿಂದ ಹದಿನೇಳು ತೆಪ್ಪಗಾಯಿತು. ಬೆಳಗಿನ ಚೊಕ್ಕ ಗಾಳಿಗೆ ಸೊನ್ನೆಗಿಂತ ಕೆಳಗಿನ ಅಂಕಿ ಬಂದರೆ, ಕಚೇರಿಯ ತೆರೆ ಅದನ್ನೂ ಸೊನ್ನೆಯೆಂದೇ ತೋರಿಸುತ್ತಿತ್ತು. ರಿಜಿಸ್ಟರಿನಲ್ಲಿ 'ಸರಿಪಡಿಸಲಾಗಿದೆ' ಎಂದು ಬರೆದವಳು ಅವಳೇ. ಅದಾಗಿ ಇಪ್ಪತ್ತೆರಡು ದಿನ.

ಹೆಡ್‌ಮೇಡಂ ಸರಿಯಾಗಿ ಹನ್ನೊಂದೂ ಕಾಲಿಗೆ ಬಂದರು. ಗಿಡ್ಡ ದೇಹ, ಬೆರಳಲ್ಲಿ ಸೀಮೆಸುಣ್ಣದ ಬಿಳುಪು, ಕಂಕುಳಲ್ಲಿ ಹಾಜರಿ ಪುಸ್ತಕ. ಸಾಹೇಬರು ಕುರ್ಚಿ ತೋರಿಸಿದರೂ ಕೂರಲಿಲ್ಲ. "ಎರಡನೇ ಕ್ಲಾಸಲ್ಲಿ ಹತ್ತೊಂಬತ್ತು ಮಕ್ಕಳು ಬಂದಿಲ್ಲ ಸರ್. ಬಂದವರು ಮೂರು ಗಂಟೆ ಆದ್ರೆ ಸಾಕು, ಕೆಮ್ಮೋಕೆ ಶುರು ಮಾಡ್ತಾರೆ. ನಿಮ್ಮ ಪೆಟ್ಟಿಗೆ ಏನನ್ನುತ್ತೆ?"

ಸಾಹೇಬರು ತೆರೆಯನ್ನು ಅವರ ಕಡೆ ತಿರುಗಿಸಿದರು. ಹದಿನೇಳರ ಮುಂದೆ ಹಸಿರು ಗೆರೆ, ಹಲಗೆಯಷ್ಟು ಮಟ್ಟಸ. "ನೋಡಿ, ಗಾಳಿ ಹಾಲಿನ ಹಾಗಿದೆ. ಬೇಕಾದ್ರೆ ನಮ್ಮ ಮೇಡಂನೇ ಕೇಳಿ. ಇಡೀ ಊರಿನ ಸೊನ್ನೆ ಇವರ ಕೈಯಲ್ಲಿದೆ."

ಹೆಡ್‌ಮೇಡಂ ಇವಳ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು. "ಸೆನ್ಸರ್ ಸರಿಯಾಗಿದೆ," ಅಂದಳು. ತನ್ನ ಧ್ವನಿ ಇಷ್ಟು ಶಾಂತವಾಗಿ ಬಂದದ್ದು ಅವಳಿಗೇ ಅಸಹ್ಯವಾಯಿತು.

"ಅದು ಸರಿಯಾಗಿದ್ರೆ ನನ್ನ ಮೂಗು ಕೆಟ್ಟಿರಬೇಕು," ಅಂದರು ಹೆಡ್‌ಮೇಡಂ. "ಮಕ್ಕಳ ಎದೇನೂ ಕೆಟ್ಟಿರಬೇಕು. ಅಲ್ವಾ?"

ಅಷ್ಟರಲ್ಲಿ ಅವಳ ಅಂಗೈಯಲ್ಲಿದ್ದ ಫೋನು ನಡುಗಿತು. ಕರೆಯಲ್ಲ, ಬಿಲ್ಲೆಯ ಸೂಚನೆ. ಕೆಂಪು ಅಕ್ಷರ: ಬಡಿತ ಕ್ರಮ ತಪ್ಪಿದೆ. ನೂರ ನಲವತ್ತೆರಡು, ನೂರ ಹದಿನೆಂಟು, ನೂರ ಐವತ್ತು. ಗಂಟೆ ಹನ್ನೊಂದು ಇಪ್ಪತ್ತು. ಅವಳು "ಒಂದು ನಿಮಿಷ," ಎಂದು ಓಡಿ ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದಳು. ಎರಡೇ ರಿಂಗಿಗೆ ಎತ್ತಿದ.

"ಅಪ್ಪ! ಏನಾಗ್ತಿದೆ? ಕೂತಿದ್ದೀಯಾ? ಎದೆ ನೋಯ್ತಿದ್ಯಾ?"

"ನನಗೇನಾಗಿದೆ? ಆರಾಮಾಗಿ ಪೇಪರ್ ಓದ್ತಾ ಕೂತಿದ್ದೀನಿ."

"ಸುಳ್ಳು ಹೇಳಬೇಡ. ಇಲ್ಲಿ ನೂರ ಐವತ್ತು ತೋರಿಸ್ತಿದೆ."

ಆ ಕಡೆ ಕತ್ತರಿಯ ಕಟಕಟ. ಕನ್ನಡಿ ಮಾಮನ ಧ್ವನಿ ದೂರದಿಂದ ಕೇಳಿತು, "ಯಾರು, ಮಗಳಾ? ಎದೆ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂತ ಹೇಳು." ಇಬ್ಬರೂ ನಕ್ಕರು. ಅಪ್ಪ ಕೊಂಚ ತಡೆದು, "ಆ ಚಾಡಿಕೋರ ಕೆಟ್ಟಿರಬೇಕು ಕಣಮ್ಮ. ನೀನೇ ಹೇಳ್ತಿರ್ತೀಯಲ್ಲ, ಇವೆಲ್ಲ ಆಗಾಗ ದಾರಿ ತಪ್ತವೆ ಅಂತ," ಅಂದ.

ಅವಳು ಬಿಟ್ಟ ಉಸಿರಿನಲ್ಲಿ ಸಿಟ್ಟೂ ಇತ್ತು, ನೆಮ್ಮದಿಯೂ ಇತ್ತು. ಅಪ್ಪ ಮಾತಾಡುತ್ತಿದ್ದಾನೆ, ನಗುತ್ತಿದ್ದಾನೆ. ಹೀಗೆ ಮಾತಾಡುವವನ ಎದೆ ನೂರ ಐವತ್ತು ಹೊಡೆಯುವುದುಂಟೇ? ಒಳಗೆ ಕೊರಳುದ್ದ ಮಾಡಿ ಸಾಹೇಬರು ನೋಡುತ್ತಿದ್ದರು. ಫೋನಿನ ತೆರೆಯ ಮೇಲೆ ಎರಡು ಗುಂಡಿಗಳು: 'ಡಾಕ್ಟರಿಗೆ ತಿಳಿಸಿ', 'ದೋಷ'. ಅವಳು ಹೆಬ್ಬೆರಳಿನಿಂದ ಎರಡನೆಯದನ್ನು ಒತ್ತಿದಳು. ಇಪ್ಪತ್ತೆರಡು ದಿನದ ಹಿಂದೆ ಏಣಿಯ ಮೇಲೆ ಒತ್ತಿದ ಬೆರಳೂ ಇದೇ ಎನ್ನುವುದು ಒಂದು ಗಳಿಗೆ ಹೊಳೆದು, ಹೊಳೆದಷ್ಟೇ ಬೇಗ ಆರಿತು. ಒಳಗೆ ಹೋದಾಗ ಹೆಡ್‌ಮೇಡಂ ಹೊರಟು ನಿಂತಿದ್ದರು. ಹೋಗುವಾಗ ಇವಳನ್ನು ದಿಟ್ಟಿಸಲಿಲ್ಲ, ಬೈಯಲಿಲ್ಲ. ಖಾಲಿ ಕುರ್ಚಿಯನ್ನು ದಾಟಿ ಹೋಗುವ ಹಾಗೆ ದಾಟಿ ಹೋದರು. ಹನ್ನೆರಡೂ ಕಾಲಿಗೆ ಫೋನು ಮತ್ತೆ ನಡುಗಿತು. ಸಾಹೇಬರು, "ಏನ್ರೀ ಮೇಡಂ, ಮನೆಯಲ್ಲೂ ಹೊಗೆನಾ?" ಅಂದರು. ಅವಳು ಸಂಜೆಯವರೆಗೆ ಸೂಚನೆ ಬರದ ಹಾಗೆ ಬಿಲ್ಲೆಯ ಬಾಯಿ ಮುಚ್ಚಿದಳು.

ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು ಅನ್ನಿಸುತ್ತಿತ್ತು. ಕಿಟಕಿಯಾಚೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಒಂದೊಂದು ಬಟ್ಟೆಯನ್ನೂ ಒದರಿ, ಮೂಸಿ ನೋಡಿ ತಂತಿಗೆ ಹಾಕುತ್ತಿದ್ದಳು. ಮೂಸಿ ನೋಡುವುದಕ್ಕೆ ಮೂಗೇ ಸಾಕು, ಯಾರೂ ಅದಕ್ಕೆ ಸೊನ್ನೆ ಕಲಿಸಬೇಕಾಗಿಲ್ಲ. ಎರಡೂವರೆಗೆ ರಿಜಿಸ್ಟರಿನಲ್ಲಿ 'ಸ್ಥಳ ಪರಿಶೀಲನೆ' ಎಂದು ಬರೆದು ಹೊರಟಳು. ಯಾವ ಸ್ಥಳವೆಂದು ಬರೆಯಲಿಲ್ಲ. ಏನು ಮಾಡಲು ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡಳು. ಕೈಯಲ್ಲಿ ಸಿಲಿಂಡರ್ ಇಲ್ಲ, ಏಣಿ ಇಲ್ಲ. ಕಳ್ಳ ಕದ್ದ ಮನೆಯ ಮುಂದೆ ಸುಮ್ಮನೆ ಅಡ್ಡಾಡುವ ಹಾಗೆ ಹೋಗುತ್ತಿದ್ದಳು, ಅಷ್ಟೇ.

ಶಾಲೆಯ ಅಂಗಳದಲ್ಲಿ ಆಟದ ಪೀರಿಯಡ್ಡು. ಗೇಟಿನಾಚೆ ರಸ್ತೆಯಂಚಿನಲ್ಲಿ ನಿಂತಳು. ಮೂರಕ್ಕೆ ಇನ್ನೂ ಐದು ನಿಮಿಷವಿದ್ದಾಗಲೇ ಬಂತು, ಸುಟ್ಟ ಬೆಂಕಿಕಡ್ಡಿಯ ವಾಸನೆ, ನಾಲಗೆಯ ಬುಡದಲ್ಲಿ ಹುಳಿ. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು, ಗೋಡೆಗೆ ಕೈಯೂರಿ ಬಗ್ಗಿ ಕೆಮ್ಮಿದಳು. ಎರಡು ಜಡೆಗಳೂ ಮುಂದಕ್ಕೆ ಬಿದ್ದು ಕೆಮ್ಮಿಗೆ ತಕ್ಕ ಹಾಗೆ ತೂಗುತ್ತಿದ್ದವು. ಅವಳ ತಲೆಯ ಮೇಲೆಯೇ ಹದಿನೇಳನೆಯ ಪೆಟ್ಟಿಗೆ, ಅದರ ಪುಟ್ಟ ದೀಪ ಹಸಿರಾಗಿ ಉರಿಯುತ್ತಿತ್ತು. ಪೆಟ್ಟಿಗೆಯ ತಪ್ಪೇನೂ ಇರಲಿಲ್ಲ. ಕಲಿಸಿದ್ದನ್ನು ಒಪ್ಪಿಸುತ್ತಿತ್ತು.

ಆಗ ಅಪ್ಪನ ಫೋನು ಬಂತು. ಅವಳು ಎತ್ತಿದ ಕೂಡಲೇ, "ಬಾರಮ್ಮ, ಬೇಗ ಬಾ," ಅಂದ. ಉಸಿರು ಸಿಗುತ್ತಿರಲಿಲ್ಲ.

"ಅಪ್ಪ, ಅಲ್ಲೇ ಮಲಗು. ಅಲ್ಲಾಡಬೇಡ. ನಾನು ಆಂಬುಲೆನ್ಸ್‌ಗೆ..."

"ನನಗಲ್ಲ! ಕನ್ನಡಿಗೆ. ಕತ್ತರಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತೋಕೆ ಹೋದವನು ಹಾಗೇ ಬಿದ್ದ. ಬಾಯಿ ಒಂದು ಕಡೆ ಓರೆಯಾಗಿದೆ, ಮಾತು ತೊದಲ್ತಿದೆ. ಗಾಡಿ ಬಂದಿದೆ, ಎತ್ತಿಕೊಂಡು ಹೋಗ್ತಿದ್ದಾರೆ." ಅಪ್ಪನ ಧ್ವನಿ ಒಡೆಯಿತು. "ಅದು... ಆ ಬಿಲ್ಲೆ ನನ್ನ ಎದೆ ಮೇಲೆ ಇರಲಿಲ್ಲ ಕಣಮ್ಮ. ಮೂರು ದಿನದಿಂದ ಅವನ ಎದೆ ಮೇಲಿತ್ತು."

ಅವಳಿಗೆ ಮಾತಿನ ಅರ್ಥ ತಕ್ಷಣ ಇಳಿಯಲಿಲ್ಲ. ಐವತ್ತೆಂಟು, ಅಂದುಕೊಂಡಳು. ಲೋಟ ತೊಳೆಯುವಾಗ ಐವತ್ತೆಂಟು. ಮೆಟ್ಟಿಲು ಇಳಿಯುವಾಗ ಐವತ್ತೊಂಬತ್ತು. ಎದುರಿಗೆ ಓಡಾಡುತ್ತಿದ್ದ ಅಪ್ಪನನ್ನು ಬಿಟ್ಟು ಕೆಳಗಿನ ಕೋಣೆಯಲ್ಲಿ ಮಲಗಿದ್ದವನ ನಿದ್ದೆಯನ್ನು ಎರಡು ಬೆಳಿಗ್ಗೆ ಹೆಮ್ಮೆಯಿಂದ ನೋಡಿದ್ದಳು. ಹನ್ನೊಂದು ಇಪ್ಪತ್ತರ ನೆನಪು ಆಮೇಲೆ ಬಂತು, ನಿಧಾನವಾಗಿ, ನೀರು ಗೋಡೆಯಲ್ಲಿ ಏರುವ ಹಾಗೆ.

ಆಸ್ಪತ್ರೆಯ ಡಾಕ್ಟರು ಅವಳಿಗಿಂತ ಚಿಕ್ಕವಳು, ನಿದ್ದೆಗೆಟ್ಟ ಕಣ್ಣುಗಳವಳು. ಕನ್ನಡಿ ಮಾಮನ ಎದೆಯಿಂದ ಕಿತ್ತ ಬಿಲ್ಲೆಯನ್ನು ಒಂದು ತಟ್ಟೆಯಲ್ಲಿಟ್ಟುಕೊಂಡಿದ್ದಳು. "ಎದೆಬಡಿತ ಕ್ರಮ ತಪ್ಪಿದಾಗ ರಕ್ತ ಎದೆಯಲ್ಲೇ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋಗಿದೆ. ಇದು ಯಾವಾಗ ಶುರುವಾಯ್ತು ಅಂತ ಗೊತ್ತಾಗಬೇಕು, ಫೋನ್ ತೋರಿಸಿ," ಅಂದಳು. ಇವಳು ತೆರೆದು ಕೊಟ್ಟಳು. ಡಾಕ್ಟರ ಬೆರಳು ತೆರೆಯ ಮೇಲೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಹನ್ನೊಂದು ಇಪ್ಪತ್ತಕ್ಕೇ ಹೇಳಿದೆಯಲ್ಲ. ದೋಷ ಅಂತ ಒತ್ತಿದ್ದು ಯಾರು?"

"ನಾನು."

"ಯಾಕೆ?"

ಯಾಕೆ ಎನ್ನುವುದಕ್ಕೆ ಅವಳ ಹತ್ತಿರ ಹತ್ತು ಉತ್ತರಗಳಿದ್ದವು, ಹತ್ತೂ ನಿಜ. "ಅದು ಹೇಳಿದ್ದು ನನಗೆ ಬೇಡವಾಗಿತ್ತು," ಅಂದಳು.

ಡಾಕ್ಟರು ಅವಳನ್ನೊಮ್ಮೆ ನೋಡಿದಳು. "ಆಗಲೇ ಕರ್ಕೊಂಡು ಬಂದಿದ್ರೂ ಇದು ತಪ್ಪುತ್ತಿತ್ತೋ ಇಲ್ವೋ, ಹೇಳೋಕಾಗಲ್ಲ. ತಪ್ಪಿದ್ರೂ ತಪ್ಪಬಹುದಿತ್ತು," ಎಂದು ಒಳಗೆ ಹೋದಳು. ಅದು ಸಮಾಧಾನವೋ ಶಿಕ್ಷೆಯೋ ತಿಳಿಯದೆ, ಅವಳು ಆ 'ತಪ್ಪಬಹುದಿತ್ತು' ಎನ್ನುವ ಮಾತನ್ನು ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ನಾಲಗೆಯಿಂದ ತಡವುತ್ತ ನಿಂತಳು.

ಅಪ್ಪ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಮೇಲಿನ ಎರಡು ಗುಂಡಿ ಬಿಚ್ಚಿಹೋಗಿದ್ದವು. ಎದೆಯ ಎಡಗಡೆ ಬಿಲ್ಲೆಯಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಉರುಟಾಗಿ ಕಾಣುತ್ತಿತ್ತು. ಸಂಜೆಯ ಬಿಸಿಲು ಅವನ ಚಪ್ಪಲಿಯವರೆಗೆ ಬಂದಿತ್ತು. ಅವಳು ಪಕ್ಕದಲ್ಲಿ ಕೂತಳು.

"ನಾನೇ ಬಲವಂತ ಮಾಡಿದೆ," ಅಂದ ಅಪ್ಪ. "ಅವನು ಬೇಡ ಅಂದ. 'ಮಗಳಿಗೆ ಮೋಸ ಮಾಡಬೇಡ' ಅಂದ. ನಾನು, 'ಒಂದು ವಾರ ಇಟ್ಕೋ ಮಾರಾಯ, ಒಂದು ವಾರ ನಾನೂ ಮನುಷ್ಯನ ಹಾಗೆ ಓಡಾಡ್ತೀನಿ' ಅಂದೆ. ಮೊನ್ನೆ ಟೆರೇಸಿನವರೆಗೂ ಹತ್ತಿದೆ ಗೊತ್ತಾ? ಮೂರು ಮಹಡಿ. ಮೇಲೆ ನಿಂತು ಊರು ನೋಡಿದೆ. ಏನೂ ಆಗಲಿಲ್ಲ." ನಗಲು ಹೋಗಿ ನಿಲ್ಲಿಸಿದ. "ನೀನು ಫೋನ್ ಮಾಡಿದಾಗ ನನಗೆ ಗೊತ್ತಿತ್ತು, ಅದು ಅವನ ಎದೆ ಅಂತ. ಒಂದು ಸಲ ಅವನ ಮುಖ ನೋಡಿದೆ. ಯಾರದೋ ಗಡ್ಡ ಹೆರೀತಿದ್ದ, ನಗ್ತಿದ್ದ. ಇವನಿಗೇನಾಗುತ್ತೆ ಅಂದ್ಕೊಂಡೆ. ಹೇಳಿದ್ರೆ ಸಿಕ್ಕಿಬೀಳ್ತಿದ್ದೆ ನೋಡು, ಅದಕ್ಕೇ ಯಂತ್ರ ಕೆಟ್ಟಿದೆ ಅಂದೆ. ಬೈಯಿ ನನ್ನನ್ನ. ಯಾಕೆ ಸುಮ್ನಿದ್ದೀಯ? ಬೈಯೋಕೆ ಬರಲ್ವಾ ನಿನಗೆ?"

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಬೈಯುತ್ತ ಬೈಯುತ್ತಲೇ ಅಲ್ಲವೇ ಅಪ್ಪನನ್ನು ಇಲ್ಲಿಯವರೆಗೆ ಅಟ್ಟಿದ್ದು? ಮಗಳ ಕಣ್ಣಿಂದ ಒಂದು ವಾರ ತಪ್ಪಿಸಿಕೊಳ್ಳಲು ಎಪ್ಪತ್ತರ ಮುದುಕ ಸಂದಿ ಹುಡುಕುವ ಹಾಗೆ ಮಾಡಿದ್ದು? "ನಾನೂ ಒಂದು ಮಾಡಿದ್ದೀನಿ ಅಪ್ಪ," ಎಂದು ಶುರುಮಾಡಿದಳು. ಏಣಿ, ಮೂರೂ ಹತ್ತು, ಗುಂಡಿ, ರಿಜಿಸ್ಟರ್, ಜಡೆಯ ಹುಡುಗಿ, ಎಲ್ಲವನ್ನೂ ಹೇಳಿದಳು. ಅಪ್ಪ ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ ಸಂತೈಸುತ್ತಾನೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಕಾದಿದ್ದಳೇನೋ. ಅವನು, "ಮಕ್ಕಳಾ?" ಎಂದಷ್ಟೇ ಕೇಳಿದ. ಆಮೇಲೆ, "ನನಗಾದ್ರೆ ಬುದ್ಧಿ ಇರಲಿಲ್ಲ. ನಿನಗೆ ಗೊತ್ತಿತ್ತಲ್ಲಮ್ಮ," ಅಂದ. ಅಂದವನು ತಾನೇ ನೊಂದು, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡ. ಅವನ ಮಣಿಕಟ್ಟಿನ ನಾಡಿ ಅವಳ ಬೆರಳಿಗೆ ತಾಗುತ್ತಿತ್ತು. ಅವಳು ಎಣಿಸಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಒಳಗೆ ಬಿಟ್ಟರು. ಕನ್ನಡಿ ಮಾಮ ಬದುಕಿದ್ದ. ಮಾತು ಬರುತ್ತಿತ್ತು, ದಪ್ಪಗೆ, ಬಾಯಿಯ ಒಂದೇ ಕಡೆಯಿಂದ. ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ. ಅವನು ಆಗಾಗ ಎಡಗೈಯಿಂದ ಅದನ್ನು ಸರಿಯಾಗಿ ಇಡುತ್ತಿದ್ದ. ಆ ಕೈ ತಿರುಗಿ ಕತ್ತರಿ ಹಿಡಿಯುವುದು ಅನುಮಾನ, ವ್ಯಾಯಾಮ ಮಾಡಿಸಿ ನೋಡಬೇಕು, ಎಂದು ಡಾಕ್ಟರು ಹೊರಗೇ ಹೇಳಿದ್ದಳು. ಅಪ್ಪ ಚಮಚದಲ್ಲಿ ಗಂಜಿ ಕುಡಿಸಲು ಹೋಗಿ ಅರ್ಧವನ್ನು ಅವನ ಕತ್ತಿಗೆ ಚೆಲ್ಲಿದ.

"ನಿನ್ನ ಕೈಗೆ... ಏನಾಗಿದೆ? ಬಿದ್ದವನು ನಾನು," ಅಂದ ಮಾಮ. ಅಪ್ಪ ಮುಖ ತಿರುಗಿಸಿಕೊಂಡು ಟವೆಲ್ಲು ಹುಡುಕಿದ. ಆಗ ಮಾಮ ಅವಳ ಕಡೆ ನೋಡಿದ. "ಮಗಾ, ಮೂರು ದಿನ ನಿನ್ನ ಫೋನಲ್ಲಿದ್ದೆ. ಹೇಗಿದ್ದೆ?"

ಗೇಲಿಯೇನೂ ಇರಲಿಲ್ಲ ಆ ಪ್ರಶ್ನೆಯಲ್ಲಿ. ತನ್ನದೇ ಎದೆಯ ಸುದ್ದಿಯನ್ನು ಇನ್ನೊಬ್ಬರಿಂದ ಕೇಳುವ ಕುತೂಹಲವಷ್ಟೇ.

"ನೀನು ಚೆನ್ನಾಗಿದ್ದೆ ಮಾಮ. ಗಾಢವಾಗಿ ನಿದ್ದೆ ಮಾಡ್ತಿದ್ದೆ." ಅವಳು ಮಂಚದ ಕಬ್ಬಿಣ ಹಿಡಿದುಕೊಂಡಳು. "ನಿನ್ನೆ ಹನ್ನೊಂದು ಇಪ್ಪತ್ತಕ್ಕೆ ನೀನು ಕರೆದೆ. ಹನ್ನೆರಡೂ ಕಾಲಿಗೆ ಇನ್ನೊಂದು ಸಲ ಕರೆದೆ. ಎರಡು ಸಲವೂ ನಾನು ಬಾಯಿ ಮುಚ್ಚಿಸಿದೆ."

"ನಾನೆಲ್ಲಿ ಕರೆದೆ?" ಅಂದ ಮಾಮ. "ನನಗೇ ಗೊತ್ತಿರಲಿಲ್ಲ." ಅವನು ಕ್ಷಮಿಸಿದನೆಂದು ತಿಳಿಯಲು ಅವಳಿಗೆ ಧೈರ್ಯವಾಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರಿಳಿದು ಕಿವಿಯ ಕಡೆ ಹರಿಯಿತು. ಎಡಗೈ ಮತ್ತೊಮ್ಮೆ ಬಲಗೈಯನ್ನು ಸರಿಮಾಡಿತು.

ಕಚೇರಿಗೆ ಹೋದವಳು ಯಾರನ್ನೂ ಕೇಳಲಿಲ್ಲ. ಶುದ್ಧ ಗಾಳಿಯ ಸಿಲಿಂಡರನ್ನು ಚೀಲಕ್ಕೆ ಹಾಕಿ, ಮಡಿಸುವ ಏಣಿಯನ್ನು ಆಟೋಗೆ ಕಟ್ಟಿಸಿ ಹೊರಟಳು. ರಿಜಿಸ್ಟರಿನಲ್ಲಿ ಈ ಸಲ ಜಾಗದ ಹೆಸರು ಬರೆದಳು. ಎರಡೂ ಮುಕ್ಕಾಲಿಗೆ ಹೆಡ್‌ಮೇಡಂ ಕೋಣೆಯ ಮುಂದೆ ನಿಂತು, "ನೀವು ಬಂದು ಪಕ್ಕದಲ್ಲಿ ನಿಂತ್ಕೋಬೇಕು. ಒಬ್ಬಳೇ ಮಾಡಲ್ಲ," ಅಂದಳು. ಅವರು ಏನೂ ಕೇಳದೆ ಎದ್ದು ಬಂದರು. ಅವಳು ಏಣಿ ಹತ್ತಿ, ಪೆಟ್ಟಿಗೆಗೆ ರಬ್ಬರು ಕೊಳವೆ ಸಿಕ್ಕಿಸಿ, ಸಿಲಿಂಡರಿನ ತಿರುಪು ಬಿಚ್ಚಿದಳು. ಸಣ್ಣಗೆ ಸುಯ್ ಎನ್ನುವ ಸದ್ದು. ಗುಂಡಿಯೊತ್ತಿದಳು. ಕೊಳವೆ ತೆಗೆದಾಗ ಅಂಕಿ ಸೊನ್ನೆಯಲ್ಲೇ ನಿಂತಿತ್ತು. ಇನ್ನೂ ಗಾಳಿ ತಿರುಗಿರಲಿಲ್ಲ. ಮೂರಕ್ಕೆ ಅದೇ ವಾಸನೆ ಗೋಡೆ ಹತ್ತಿ ಇಳಿಯಿತು. ಏಳು. ಮೂವತ್ತು. ತೊಂಬತ್ತು. ಹಸಿರು ಹೋಗಿ ಹಳದಿ ಬಂತು, ಹಳದಿ ಹೋಗಿ ಕೆಂಪು.

"ಇಷ್ಟು ದಿನ ಯಾಕೆ ತೋರಿಸಲಿಲ್ಲ ಇದು?" ಕೆಳಗಿನಿಂದ ಹೆಡ್‌ಮೇಡಂ ಕೇಳಿದರು.

"ನಾನು ಈ ಹೊಗೆಗೇ ಸೊನ್ನೆ ಅಂತ ಕಲಿಸಿದ್ದೆ. ಸಾಹೇಬರು ಹೇಳಿದ್ರು. ಹೇಳಿದ್ದು ಅವರು, ಮಾಡಿದ್ದು ನಾನು." ಏಣಿಯ ಮೇಲಿನಿಂದ ಹೇಳುವುದು ಸರಿಯಲ್ಲವೆನ್ನಿಸಿ ಇಳಿದು ಬಂದು ಹೇಳಿದಳು. "ಇಪ್ಪತ್ಮೂರು ದಿನ ಆಯ್ತು."

ಹೆಡ್‌ಮೇಡಂ ಮುಖ ಕೆಂಪಾಯಿತು, ಬಿಳಿಚಿತು. ಕೈ ಎತ್ತುತ್ತಾರೆ ಅನ್ನಿಸಿತು, ಎತ್ತಿದ್ದರೆ ಹಗುರವಾಗುತ್ತಿತ್ತು. ಅವರು ತಿರುಗಿ ಹೋಗಿ ಗಂಟೆ ಹೊಡೆದರು. ಅಂಗಳದಲ್ಲಿದ್ದ ಮಕ್ಕಳನ್ನು ಕೋಳಿಮರಿಗಳನ್ನು ಅಟ್ಟುವ ಹಾಗೆ ಕೈ ಬೀಸಿ ಒಳಗೆ ಅಟ್ಟಿದರು. ಒಂದರ ಹಿಂದೆ ಒಂದು ಕಿಟಕಿಗಳು ದಡಾರನೆ ಮುಚ್ಚಿಕೊಂಡವು. ಖಾಲಿ ಅಂಗಳದಲ್ಲಿ ಅವಳೊಬ್ಬಳೇ ಉಳಿದಳು. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕಚೇರಿಯ ತೆರೆಯ ಮೇಲೆ ಹದಿನೇಳು ಕೆಂಪಾದದ್ದು ಸಾಹೇಬರಿಗೆ ಕಂಡಿರಬೇಕು. ಎತ್ತಿದಳು.

"ಏನ್ರೀ ಇದು ಹದಿನೇಳು? ನೂರ ಎಪ್ಪತ್ತು ತೋರಿಸ್ತಿದೆ! ಏನು ಮಾಡ್ತಿದ್ದೀರಿ ಅಲ್ಲಿ?"

"ಸರ್, ಸೆನ್ಸರ್ ಸರಿಯಾಗಿದೆ," ಅಂದಳು. ಅವರು ಕೆಲಸದ ಮಾತೆತ್ತಿದರು, ನೋಟೀಸಿನ ಮಾತೆತ್ತಿದರು, ಮೇಲಿನವರ ಹೆಸರು ಹೇಳಿದರು. ಮುಗಿಯುವವರೆಗೂ ಕೇಳಿದಳು. ಮಧ್ಯೆ ಕೆಮ್ಮು ಬಂದು ಬಗ್ಗಿ ಗೋಡೆ ಹಿಡಿದುಕೊಂಡಳು. ಕಣ್ಣು ಉರಿದು ಅಂಗಳ ಕಲಸಿಹೋಯಿತು.

ಒಂದು ಕಿಟಕಿ ಗೇಣು ತೆರೆಯಿತು. "ಒಳಗೆ ಬನ್ನಿ," ಅಂದರು ಹೆಡ್‌ಮೇಡಂ, ಮುಖ ನೋಡದೆ. "ಅಲ್ಲಿ ನಿಂತು ಕೆಮ್ಮಿದ್ರೆ ಯಾರಿಗೇನು ಬಂತು? ಕಾಗದ ಇಟ್ಟಿದ್ದೀನಿ. ಏನು ಮಾಡಿದ್ರಿ, ಯಾವತ್ತು ಮಾಡಿದ್ರಿ, ಎಲ್ಲ ಬರೆದು ಸಹಿ ಹಾಕಿಕೊಟ್ಟು ಹೋಗಿ. ಐದು ಗಂಟೆಗೆ ತಾಯಂದಿರು ಬರ್ತಾರೆ. ಅವರಿಗೂ ನೀವೇ ಹೇಳಬೇಕು, ನಾನು ಹೇಳಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಎರಡನೇ ಕ್ಲಾಸಿನ ಕೊನೆಯ ಬೆಂಚು ಅವಳಿಗೆ ಬಹಳ ಗಿಡ್ಡವಾಗಿತ್ತು. ಮೊಣಕಾಲು ಮಡಿಸಿ ಕೂತು, ಮಕ್ಕಳೆಲ್ಲ ತಿರುಗಿ ತಿರುಗಿ ನೋಡುತ್ತಿರುವಾಗ, ಕಾಗದದ ಮೇಲೆ ಮೊದಲು ತಾರೀಕು ಬರೆದಳು.